ಪುಟಿಯದ ಹಣ್ಣು

ಬೇಲದ ಹಣ್ಣು ಅವಳ ಕೈಜಾರಿತೆಂದು ಅವನು ಬಾಗಿ ಹಿಡಿದೇಬಿಟ್ಟ. ಹಣ್ಣಿನ ಜೊತೆ ಅವಳ ಬೆರಳೂ ಸಿಕ್ಕಿತು.

"ಬೀಳೋಕೆ ಬಿಡಬೇಕಿತ್ತು," ಎಂದಳು ಕೈ ಎಳೆದುಕೊಳ್ಳುತ್ತ. "ಪುಟಿದರೆ ಕಾಯಿ. ಬಿದ್ದಲ್ಲೇ ಕೂತರೆ ಹಣ್ಣು. ಅಜ್ಜಿ ಹಾಗೇ ಆರಿಸೋದು."

"ಕ್ಷಮಿಸಿ... ಬೀಳೋದನ್ನ ನೋಡ್ಕೊಂಡು ಸುಮ್ಮನಿರೋಕಾಗಲ್ಲ ನಂಗೆ."



ಅವನು ಷರಬತ್ತಿನ ಕಂಪನಿಯಲ್ಲಿ ರುಚಿ ನೋಡುವವನು. ಹೊಟ್ಟೆನೋವಿಗೆ ಅಜ್ಜಿ ಕೊಡುತ್ತಿದ್ದ ಬೇಲದ ಪಾಕ ಅವರ ಬೀದಿಯಾಚೆ ಯಾರಿಗೂ ಗೊತ್ತಿರಲಿಲ್ಲ. ಅದು ದೊಡ್ಡ ಪೇಟೆಯಲ್ಲಿ ಮಾರಾಟವಾದೀತೇ ಎಂದು ನೋಡಲು ಬಂದಿದ್ದ. ಕಂಪನಿ ಒಪ್ಪಿದರೆ ಅಜ್ಜಿಯ ಔಷಧಿ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

ದಿನವೂ ಬಂದ. ಅಜ್ಜಿ 'ನಾಲಿಗೆರಾಯ' ಎಂದು ಹೆಸರಿಟ್ಟರು. ಇವಳಿಗೋ, ಬಾಗಿಲ ಸದ್ದಾದರೆ ಸಾಕು, ಕಲಕುತ್ತಿದ್ದ ಸೌಟು ನಿಂತುಬಿಡುತ್ತಿತ್ತು.

ಕಂಪನಿಯ ಯಜಮಾನರು ಅಂಗಡಿಗೆ ಬಂದ ದಿನ ಅವನು ಅವಳು ಮಾಡಿದ ಪಾಕದ ಬಾಟಲಿ ತೆರೆದು ಒಂದು ಚಮಚ ಬಾಯಿಗಿಟ್ಟ. ಅವಳ ಮುಖ ನೋಡದೆ ಹೇಳಿದ.

"ಈ ವರ್ಷ ಬೇಡ ಸರ್."

ನಂಬಿಸಿ ಕತ್ತು ಕೊಯ್ದನಲ್ಲ...

"ಇನ್ನು ಈ ಬಾಗಿಲಿಗೆ ಬರಬೇಡಿ," ಎಂದಳು. ಅವನು ಬಾಟಲಿಯ ಮುಚ್ಚಳ ಬಿಗಿಮಾಡಿಟ್ಟು ಹೊರಟುಹೋದ.

ಸಂಜೆ ಅಜ್ಜಿ ಅದೇ ಬಾಟಲಿಯಿಂದ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಪುಟ್ಟೀ, ಪುಟಿದದ್ದನ್ನೂ ಹಾಕಿದ್ಯಾ?"

ಅವಳು ತಲೆ ತಗ್ಗಿಸಿದಳು. ಹಣ್ಣು ಸಾಲದೆ ಕಾಯಿ ಬೆರೆಸಿದ್ದಳು. ಒಗರು ಸಕ್ಕರೆಯಲ್ಲಿ ಮುಚ್ಚಿಹೋಗುತ್ತದೆಂದು ನಂಬಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಹೊಟ್ಟೆನೋವಿನ ಮದ್ದೇ ಹೊಟ್ಟೆ ಕೆಡಿಸಿದ್ರೆ? ಗೊತ್ತಾದ್ರೂ ಆ ಹುಡುಗ ನಿನ್ನ ಮಾನ ಕಳೀಲಿಲ್ಲ. ನೀನು ಅವನನ್ನೇ ಅಟ್ಟಿದೆ."

ರಾತ್ರಿಯಿಡೀ ಅತ್ತಳು. ಬೆಳಿಗ್ಗೆ ಹಣ್ಣಿನ ಚೀಲ ಹಿಡಿದು ಕಂಪನಿಗೆ ಹೋದಳು. ಉದ್ದ ಮೇಜು, ಸಾಲು ಲೋಟ, ಅದರಾಚೆ ಅವನು ಮತ್ತು ಯಜಮಾನರು.

"ತಪ್ಪು ನಂದು ಸರ್. ಕಾಯಿ ಬೆರೆಸಿದ್ದೆ. ಇವರು ನನ್ನ ಹೆಸರು ಹೇಳಲಿಲ್ಲ ಅಷ್ಟೇ."

ಯಜಮಾನರು ಚೀಲದ ಬಾಯಿ ಬಿಡಿಸಿ ಹಣ್ಣುಗಳ ವಾಸನೆ ನೋಡಿದರು.

"ಒಳ್ಳೇ ಹಣ್ಣು ಎಷ್ಟು ಸಿಗುತ್ತೋ ಅಷ್ಟೇ ಪಾಕ ಮಾಡಿ. ಸ್ವಲ್ಪದಿಂದಲೇ ಶುರು ಮಾಡೋಣ," ಎಂದು ಎದ್ದುಹೋದರು. ಅಂಗಡಿ ಉಳಿದಿತ್ತು. ಆದರೂ ಅವಳ ಕಣ್ಣು ಅವನ ಮುಖದಿಂದ ಕದಲಲಿಲ್ಲ.

ಅವನು ಚೀಲದಿಂದ ಒಂದು ಹಣ್ಣು ತೆಗೆದು ಕೈ ಸಡಿಲಿಸಿದ. ನೆಲ ಮುಟ್ಟುವ ಮೊದಲೇ ಅವಳು ಹಿಡಿದಳು.

"ಬೀಳೋಕೆ ಬಿಡಬೇಕಿತ್ತು. ನೀವೇ ಹೇಳಿದ್ದು," ಎಂದ.

"ಸುಮ್ಮನಿರೋಕಾಗಲ್ಲ ನಂಗೂ... ನಿಮ್ಮನ್ನ ಬಿಟ್ಟೂ ಇರೋಕಾಗಲ್ಲ."

ಅವನ ಕಣ್ಣು ತುಂಬಿತು. "ನಂಗೂ ಅಷ್ಟೇ. ಆದ್ರೆ ಇದು ಕಾಯೋ ಹಣ್ಣೋ, ಹೇಗೆ ಗೊತ್ತಾಗುತ್ತೆ?"

"ಒಂದೊಂದನ್ನೂ ಬೀಳಿಸಿ ನೋಡಿಯೇ ತಂದಿದ್ದೀನಿ. ಒಂದೂ ಪುಟೀಲಿಲ್ಲ."

ಹಣ್ಣಿನ ಸಮೇತ ಅವಳ ಕೈ ಹಿಡಿದ. ಈ ಸಲ ಅವಳು ಎಳೆದುಕೊಳ್ಳಲಿಲ್ಲ.