ಖಾಲಿ ಬಿಟ್ಟ ಸಾಲು

ಬುಧವಾರ ಮಧ್ಯಾಹ್ನ 12 ಗಂಟೆ 15 ನಿಮಿಷಕ್ಕೆ ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಮುಖ್ಯಸ್ಥರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಬೆಳಿಗ್ಗೆ 10.20ರಿಂದ 10.40ರವರೆಗೆ ಊರಿನಲ್ಲಿ ಒಂದೇ ಒಂದು ಆಂಬುಲೆನ್ಸೂ ಕದಲಿರಲಿಲ್ಲ. ಆ ಹೊತ್ತಿನಲ್ಲೇ ಲಕ್ವ ಹೊಡೆದು ಬಿದ್ದ ಶಾಲಾ ಬಸ್ಸಿನ ಚಾಲಕನೊಬ್ಬ ಈಗ ತೀವ್ರ ನಿಗಾ ಘಟಕದಲ್ಲಿದ್ದ. ಕೆಲಸದ ಮೇಲಿದ್ದ ಆಪರೇಟರ್ ಯಂತ್ರ ಬಂದ್ ಮಾಡಿ ಎದ್ದು ಹೋಗಿದ್ದಾಳೆ, ಇದು ದೂರಿನ ಸಾರ.

"ಸರ್ವರ್ ದಾಖಲೆ ನೋಡಿ. ಇಪ್ಪತ್ತು ನಿಮಿಷ ಒಂದು ಸಾಲೂ ಇಲ್ಲ. ಮನುಷ್ಯರು ಸುಳ್ಳು ಹೇಳಬಹುದು, ಯಂತ್ರ ಹೇಳುತ್ತಾ ಮೇಡಂ?" ಎಂದರು ಮುಖ್ಯಸ್ಥರು.

1.05ಕ್ಕೆ ಎಫ್‌ಐಆರ್ ದಾಖಲಾಯಿತು. 1.30ಕ್ಕೆ ಆಪರೇಟರ್ ಬಂಧನವಾಯಿತು. ಈ ನಡುವೆ ಮೇಲಿನಿಂದ ಮೂರು ಫೋನ್ ಬಂದಿದ್ದವು. ಅವನ್ನು ಠಾಣಾ ಡೈರಿಯಲ್ಲಿ ಬರೆಯುವಂತಿರಲಿಲ್ಲ. ಬಂಧನದ ಕಾಗದಕ್ಕೆ ಇನ್‌ಸ್ಪೆಕ್ಟರಮ್ಮ ಸಹಿ ಹಾಕಿದಳೇನೋ ನಿಜ, ಆದರೆ ಪೆನ್ನಿನ ಮುಚ್ಚಳ ಹಾಕುವಾಗಲೇ ಇದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಇನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಆ ಹುಡುಗಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಜೈಲು, ಕೆಲಸಕ್ಕೆ ಸಂಚಕಾರ, ಜೀವನಪೂರ್ತಿ ಹಣೆಪಟ್ಟಿ.

"ಎದ್ದು ಹೋಗಿದ್ದೆಯಾ?"

"ಇಲ್ಲ ಮೇಡಂ. ಪರದೆ ಬೆಳ್ಳಗಾಗ್ಬಿಡ್ತು. ಮಧ್ಯದಲ್ಲಿ ಒಂದು ಚಕ್ರ ಸುತ್ತುತ್ತಾನೇ ಇತ್ತು."

"ಫೋನ್ ಇತ್ತಲ್ಲ?"

"ಇತ್ತು. ಮೂರು ಮನೆಯೋರು ಮಾಡಿದ್ರು, ಚೀಟೀಲಿ ಬರ್ಕೊಂಡೆ. ಡ್ರೈವರ್‌ಗಳಿಗೆ ನನ್ನ ಮೊಬೈಲಿಂದ್ಲೇ ಮಾಡ್ದೆ. ಅವ್ರ ಪರದೇಲಿ ಆರ್ಡರ್ ಬರದೆ ಗಾಡಿ ತೆಗೆಯೋ ಹಾಗಿಲ್ಲ ಅಂದ್ರು. ರೂಲ್ಸು."

"ಬಸ್ ಚಾಲಕನ ಮನೆಯಿಂದ?"

"10.22ಕ್ಕೆ. ಅವ್ರ ಹೆಂಡ್ತಿ. ಬಾಯಿ ಒಂದ್ ಕಡೆ ವಾಲಿದೆ ಅಂದ್ರು. ಆಮೇಲೂ ಮೂರು ಸಲ ಮಾಡಿದ್ರು ಮೇಡಂ. ಬರ್ತಿದೆ ಅಮ್ಮ, ಬರ್ತಿದೆ ಅಂತ ನಾನು..."

ಹೊರಗೆ ಬಂದ ಮೇಲೆ ಹೆಡ್ ಕಾನ್‌ಸ್ಟೆಬಲ್ ಮೂಗೆಳೆದ. ಮಾತಿಗೊಂದು ಗಾದೆ ಉದುರಿಸುವ ಅವನನ್ನು ಠಾಣೆಯೆಲ್ಲ ಗಾದೆ ಹೆಡ್ಡು ಎಂದೇ ಕರೆಯುವುದು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ ಮೇಡಂ."

"ನೆಲ ನೋಡ್ಕೊಂಡೇ ಬರೋಣ ಬನ್ನಿ," ಎಂದಳು ಇನ್‌ಸ್ಪೆಕ್ಟರಮ್ಮ.

3.40ಕ್ಕೆ ನಿಯಂತ್ರಣ ಕೊಠಡಿಯಲ್ಲಿ ಪಂಚನಾಮೆ ಶುರುವಾಯಿತು. ಪಕ್ಕದ ಔಷಧಿ ಅಂಗಡಿಯವನೂ ಬೀಗ ರಿಪೇರಿಯವನೂ ಪಂಚರು. ಆಪರೇಟರಳ ಮೇಜಿನ ಖಾನೆಯಲ್ಲಿ ಚೀಟಿ ಸಿಕ್ಕಿತು: ಮೂರು ವಿಳಾಸ, ಸಮಯ, ಎದುರಿಗೆ ಎಂಟು ಡ್ರೈವರ್‌ಗಳ ನಂಬರು. ಅವಸರದ ಅಕ್ಷರ, ಒಂದು ಕಡೆ ಪೆನ್ನು ಕಾಗದ ತೂತು ಮಾಡಿತ್ತು. ಗಾದೆ ಹೆಡ್ಡು ಅದನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುತ್ತಾ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ವಾ ಮೇಡಂ?" ಎಂದ, ಈ ಸಲ ಮೆಲ್ಲಗೆ.

ಸರ್ವರ್ ದಾಖಲೆ ಮುಖ್ಯಸ್ಥರು ಹೇಳಿದಂತೆಯೇ ಇತ್ತು. 10.20.00ರಿಂದ 10.40.00, ಬಟಾಬಯಲು. ಕೆಟ್ಟ ಯಂತ್ರ ಹೀಗೆ ಗಡಿಯಾರ ನೋಡಿಕೊಂಡು ಕೆಟ್ಟು, ಗಡಿಯಾರ ನೋಡಿಕೊಂಡು ರಿಪೇರಿಯಾಗುತ್ತದೆಯೇ? ಇನ್‌ಸ್ಪೆಕ್ಟರಮ್ಮ ಸಮಯವನ್ನು ಎರಡು ಸಲ ಬರೆಸಿದಳು.

"ಇಂಟರ್ನೆಟ್ ಒಳಗೆ ಬರೋ ಬಾಗಿಲಲ್ಲಿ ಇನ್ನೊಂದು ಯಂತ್ರ ಇದೆ ಮೇಡಂ, ಬಂದು ಹೋಗೋದೆಲ್ಲ ಅದರಲ್ಲಿರುತ್ತೆ," ಎಂದ ಅಲ್ಲಿನ ತಂತ್ರಜ್ಞ. "ತೆಗೆಯೋಕೆ ಬೆಳಿಗ್ಗೆ ಆಗುತ್ತೆ. ಬೇಕಾದ್ರೆ ಈ ಸರ್ವರ್ ಪ್ರೋಗ್ರಾಂ ನೋಡ್ಕೊಳ್ಳೋರನ್ನೇ ಕೇಳಿ. ಇದೇ ಊರಲ್ಲಿದಾರೆ."

"ನಿಮ್ಮ ನೌಕರರಾ?"

"ಯಾರ ನೌಕರರೂ ಅಲ್ಲ. ಓಪನ್ ಸೋರ್ಸು. ಯಾರು ಬೇಕಾದ್ರೂ ಬಿಟ್ಟಿ ತಗೋಬಹುದು. ಹನ್ನೆರಡು ವರ್ಷದಿಂದ ಆಯಪ್ಪ ಒಬ್ರೇ ಬರೀತಾರೆ, ತಿದ್ದುತಾರೆ."

5.30ಕ್ಕೆ ಅವರು ಒಂದು ಹೊಲಿಗೆ ಅಂಗಡಿಯ ಮುಂದೆ ಇಳಿದರು. ಅಂಗಡಿ ಅಕ್ಕನದು, ಮೇಲಿನ ಕೋಣೆ ಪ್ರೋಗ್ರಾಂ ಬರೆಯುವ ತಮ್ಮನದು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಅಕ್ಕ ಹೇಳಿದಳು: "ಮೇಲಿದಾನೆ ಹೋಗಿ. ಊರೋರ ಬಾಗ್ಲೆಲ್ಲ ಇವನೇ ಕಾಯ್ತಾನೆ, ನಮ್ಮನೆ ಬಾಗ್ಲು ಮಾತ್ರ ದಿನಾ ನಾನೇ ಹಾಕ್ಬೇಕು."

ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕುರ್ಚಿ ಒಂದೇ ಇತ್ತು, ಅದನ್ನು ಇನ್‌ಸ್ಪೆಕ್ಟರಮ್ಮನಿಗೆ ಕೊಟ್ಟು ತಾನು ಗೋಡೆಗೆ ಒರಗಿ ನಿಂತ. ರಾತ್ರಿಯಿಡೀ ನಿದ್ದೆ ಮಾಡದ ಕಣ್ಣು.

"ದಾಖಲೇಲಿ ಏನೂ ಇಲ್ಲ ಅಂದ್ರೆ ಕರೆ ಬಂದೇ ಇಲ್ಲ ಅಂತಾನಾ?"

"ಹಾಗೇನಿಲ್ಲ." ಅವನು ಕಾಗದ ಎಳೆದುಕೊಂಡ. ಕೆಲಸದ ಮಾತು ಬಂದದ್ದೇ ದನಿ ಗಟ್ಟಿಯಾಯಿತು. "ಸರ್ವರ್‌ಗೆ ಬರೋ ಪ್ರತಿ ಕೋರಿಕೆಗೂ ಒಂದು ಕ್ರಮ ಇದೆ. ಮೊದಲ ಸಾಲಲ್ಲಿ ಏನು ಬೇಕು ಅಂತ. ಕೆಳಗೆ ವಿವರಗಳು. ಕೊನೇಲಿ ಒಂದು ಖಾಲಿ ಸಾಲು. ಖಾಲಿ ಸಾಲು ಬಂದ್ರೆ ಮಾತು ಮುಗೀತು ಅಂತ ಅರ್ಥ. ಉತ್ತರ ಕೊಡೋದೂ ಆಮೇಲೆ, ದಾಖಲೇಲಿ ಬರೆಯೋದೂ ಆಮೇಲೆ."

"ಖಾಲಿ ಸಾಲು ಬರ್ಲೇ ಇಲ್ಲ ಅಂದ್ರೆ?"

"ಕಾಯುತ್ತೆ."

"ಎಲ್ಲೀವರೆಗೆ?"

"ಟಿಕೆಟ್ ಕೌಂಟರಲ್ಲಿ ಒಬ್ಬ 'ಇನ್ನೊಂದ್ ಮಾತು, ಇನ್ನೊಂದ್ ಮಾತು' ಅಂತ ನಿಂತೇ ಇದ್ರೆ ಹಿಂದಿನೋರ ಗತಿ ಏನು? ಹಾಗೆ. ಅವರ ಹತ್ರ ಇರೋದು ಇನ್ನೂರು ಕೌಂಟರು. ಇನ್ನೂರರಲ್ಲೂ ಅಂಥೋರೇ ನಿಂತ್ರೆ ಆಯ್ತು ಕತೆ. ಮಾತು ಮುಗಿಸಿಲ್ಲ, ಹಾಗಾಗಿ ದಾಖಲೇಲಿ ಹೆಸರೂ ಬರಲ್ಲ. ಹೊಸ ಆವೃತ್ತೀಲಿ ಇದನ್ನ ಸರಿ ಮಾಡಿದೀನಿ. ಅವರು ಹಾಕ್ಕೊಂಡಿಲ್ಲ."

"ಅಂದ್ರೆ ಆಪರೇಟರ್ ತಪ್ಪಿಲ್ಲದೇ ಇರಬಹುದು."

"ಆಪರೇಟರಾ?"

"ಅರೆಸ್ಟ್ ಆಗಿದಾಳೆ. ನಾಳೆ ಕೋರ್ಟಿಗೆ."

ಅವನು ಕಾಗದವನ್ನು ನಾಲ್ಕಾಗಿ ಮಡಚಿದ, ಮತ್ತೆ ಬಿಡಿಸಿದ. ಇನ್‌ಸ್ಪೆಕ್ಟರಮ್ಮ ಎದ್ದಳು.

ಜೀಪಿನಲ್ಲಿ ಅವಳಿಗೆ ಥಟ್ಟನೆ ಹೊಳೆಯಿತು. ಕೌಂಟರಿನ ಲೆಕ್ಕ ಕೂಡ ಬಾಯಿಪಾಠ ಇರುವ ಈ ಮನುಷ್ಯ, ಸರ್ವರ್ ಎಷ್ಟು ಹೊತ್ತು ನಿಂತಿತ್ತು ಎಂದು ಒಂದು ಸಲವೂ ಕೇಳಲಿಲ್ಲವಲ್ಲ!

ಅನುಮಾನ ಹಿಡಿದುಕೊಂಡು ನ್ಯಾಯಾಧೀಶರ ಮುಂದೆ ಹೋಗಲಾಗುವುದಿಲ್ಲ. ಗುರುವಾರ ಬೆಳಿಗ್ಗೆ 9.50ಕ್ಕೆ ಬಾಗಿಲ ಯಂತ್ರದ ದಾಖಲೆ ಕೈಸೇರಿತು. ಮಂಗಳವಾರ 10.20ಕ್ಕೆ ಒಂದೇ ಇಂಟರ್ನೆಟ್ ವಿಳಾಸದಿಂದ ಇನ್ನೂರು ಸಂಪರ್ಕ. ಪ್ರತಿಯೊಂದರಲ್ಲೂ ಹತ್ತು ಸೆಕೆಂಡಿಗೆ ಒಂದರಂತೆ ಸಾಲು. ಒಂದೊಂದಕ್ಕೂ ನೂರಿಪ್ಪತ್ತು ಸಾಲು, ಅಂದರೆ ಸರಿಯಾಗಿ ಇಪ್ಪತ್ತು ನಿಮಿಷ, ಖಾಲಿ ಸಾಲು ಮಾತ್ರ ಇಲ್ಲ; ಆಮೇಲೆ ತಾನಾಗಿಯೇ ಬಂದ್. ಆ ವಿಳಾಸ ಯಾರದೆಂದು ಇಂಟರ್ನೆಟ್ ಕಂಪನಿಯವರನ್ನು ಕೇಳಿದರೆ ಎರಡು ದಿನ ಬೇಕೆಂದರು. ಇವಳಿಗೆ ಉಳಿದಿದ್ದದ್ದು ಮೂರೂವರೆ ಗಂಟೆ. ಆಸ್ಪತ್ರೆಯಿಂದ ಬಂದ ಸುದ್ದಿಯೂ ಅಷ್ಟಕ್ಕಷ್ಟೇ: ಚಾಲಕನ ಜೀವಕ್ಕೆ ಭಯವಿಲ್ಲ, ಮಾತು ನಿಂತಿದೆ.

"ಹೊಸ ಆವೃತ್ತಿ ಹಾಕ್ಕೊಳ್ಳಿ ಅಂತ ಯಾರಾದ್ರೂ ನಿಮಗೆ ಬರೆದಿದ್ರಾ?" ಎಂದು ನಿಯಂತ್ರಣ ಕೊಠಡಿಗೇ ಹೋಗಿ ಮುಖ್ಯಸ್ಥರನ್ನು ಕೇಳಿದಳು.

"ಅಂಥವು ದಿನಾ ನೂರು ಬರ್ತವೆ ಮೇಡಂ. ಯಾರು ಓದ್ತಾರೆ?"

"ಈಗ ನಾನು ಓದ್ತೀನಿ. ತೆಗೀರಿ."

ಎಂಟು ತಿಂಗಳಲ್ಲಿ ಪ್ರೋಗ್ರಾಂ ಬರೆದವನಿಂದಲೇ ಏಳು ಪತ್ರ, ಏಳೂ ತೆರೆಯದೆ ಬಿದ್ದಿದ್ದವು. ಮೊದಲನೆಯದು ಎರಡು ಪುಟ, ಸವಿವರ. ಬರಬರುತ್ತಾ ಸಣ್ಣವಾಗಿದ್ದವು. ಏಳನೆಯದು ಹೋದ ಶುಕ್ರವಾರದ್ದು: 'ಸ್ವಾಮಿ, ಜೀವದ ಪ್ರಶ್ನೆ. ಎರಡು ನಿಮಿಷ ಕೊಡಿ, ಕಣ್ಣೆದುರಿಗೇ ತೋರಿಸುತ್ತೇನೆ.' ಏಳರಲ್ಲೂ ಆ ಮಾತಿತ್ತು. ಎರಡು ನಿಮಿಷ.

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲಿದ್ದ ಕಾಗದದ ಅಂಚಿನಲ್ಲಿ ಬರೆದಳು: ಎರಡು ನಿಮಿಷಕ್ಕೆ ನೂರಿಪ್ಪತ್ತು ಸೆಕೆಂಡು.

"ಗಾಡಿ ತೆಗೀರಿ ಹೆಡ್ಡು."

"ಏನಾಯ್ತು ಮೇಡಂ?"

"ನೂರಿಪ್ಪತ್ತು ಸೆಕೆಂಡು ಅಂದ್ಕೊಂಡು ನೂರಿಪ್ಪತ್ತು ಸಾಲು ಹಾಕ್ಬಿಟ್ಟಿದಾನೆ ರೀ."

11.25ಕ್ಕೆ ಅವರು ಹೊಲಿಗೆ ಅಂಗಡಿ ತಲುಪಿದಾಗ ಅವನು ಮೆಟ್ಟಿಲ ಬುಡದಲ್ಲೇ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

"ಠಾಣೆಗೇ ಹೊರಟಿದ್ದೆ. ಬೆಳಿಗ್ಗೆಯಿಂದ ಹೊರಡ್ತಾನೇ ಇದೀನಿ."

"ನೂರಿಪ್ಪತ್ತು ಅಂದ್ರೆ ಏನು?" ಇನ್‌ಸ್ಪೆಕ್ಟರಮ್ಮ ನಿಂತೇ ಕೇಳಿದಳು.

ಅವನು ಕಣ್ಣು ಮುಚ್ಚಿದ. "ಸೆಕೆಂಡು ಅಂದ್ಕೊಂಡಿದ್ದೆ. ನಾನೇ ಬರೆದ ಪರೀಕ್ಷೆ ಪ್ರೋಗ್ರಾಮು ಮೇಡಂ, ಅಲ್ಲಿ ಕೇಳೋದು ಸಾಲಿನ ಲೆಕ್ಕ. ಎರಡು ನಿಮಿಷ ನಿಂತ್ರೆ ಗಾಬರಿ ಬಿದ್ದು ಪತ್ರ ತೆಗೆದು ನೋಡ್ತಾರೆ ಅಂತ ಮಾಡ್ದೆ. ಅಷ್ಟರಲ್ಲಿ ಅಕ್ಕ ಏಣಿ ಹಿಡ್ಕೋ ಬಾ ಅಂತ ಕರೆದ್ಳು. ಎರಡು ನಿಮಿಷ ತಾನೇ ಅಂತ ಇಳಿದೆ. ಮತ್ತೆ ಹತ್ತಿ ನೋಡಿದಾಗ 10.45."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೆದರ್ಕೊಂಡೆ." ಸುತ್ತಿ ಬಳಸಿ ಏನೂ ಹೇಳಲಿಲ್ಲ. "ಆ ಹುಡುಗಿ ಒಳಗಿದಾಳೆ ಅಂತ ಕೇಳಿದ ಮೇಲೂ ಹೆದರ್ಕೊಂಡೇ ಕೂತಿದ್ದೆ. ಅದಕ್ಕೆ ಕ್ಷಮೆ ಇಲ್ಲ."

ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು, ಕೊರಳಲ್ಲಿ ಅಳತೆ ಟೇಪು. "ಏನೋ ಇದು? ನನ್ ಏಣಿ ಹಿಡ್ಕೊಂಡಿದ್ಯಲ್ಲೋ ಆಗ!" ಎಂದಳು. ಗಾದೆ ಹೆಡ್ಡು ಜೀಪಿನ ಹಿಂಬಾಗಿಲು ತೆಗೆದ.

11.40ಕ್ಕೆ ಬಂಧನ. ಕಂಪ್ಯೂಟರ್ ಪಂಚರ ಸಮಕ್ಷಮ ವಶಕ್ಕೆ. 1.10ಕ್ಕೆ ನ್ಯಾಯಾಧೀಶರ ಮುಂದೆ ವರದಿ ಸಲ್ಲಿಕೆಯಾಗಿ ಆಪರೇಟರ್ ಬಿಡುಗಡೆಯಾದಳು. ಇನ್‌ಸ್ಪೆಕ್ಟರಮ್ಮ ಅವಳ ಮೊಬೈಲನ್ನು ತಾನೇ ಕೈಗೆ ಕೊಟ್ಟು, "ತಪ್ಪಾಯ್ತಮ್ಮ," ಎಂದಳು. ವರದಿಯ ಕಡೆಯಲ್ಲಿ, ತೆರೆಯದ ಏಳು ಪತ್ರಗಳ ದಿನಾಂಕಗಳನ್ನೂ ಅವು ಯಾರ ಮೇಜಿಗೆ ಬಂದಿದ್ದವೆಂಬುದನ್ನೂ ಬಿಡದೆ ನಮೂದಿಸಿದ್ದಳು. ಮೇಲಿನಿಂದ ಮತ್ತೆ ಫೋನ್ ಬಂತು. ಈ ಸಲ ಅದನ್ನೂ ಡೈರಿಯಲ್ಲಿ ಬರೆಸಿದಳು.

ಸಂಜೆ ಠಾಣೆಯಲ್ಲಿ ಪ್ರೋಗ್ರಾಂ ಬರೆದವನು ತನ್ನ ಹೇಳಿಕೆಯನ್ನು ತಾನೇ ಕೈಯಾರೆ ಬರೆದ. ನಡುವೆ ಒಂದು ಕಡೆ ಹೀಗಿತ್ತು: 'ನನ್ನ ಪ್ರೋಗ್ರಾಂ ತಪ್ಪು ಕೋರಿಕೆ ಬಂದರೂ ಸುಮ್ಮನಿರುವುದಿಲ್ಲ. ಇದು ತಪ್ಪು ಎಂದಾದರೂ ಉತ್ತರ ಕೊಡುತ್ತದೆ. ಏಳರಲ್ಲಿ ಒಂದು ಪತ್ರಕ್ಕೆ ಆಗುವುದಿಲ್ಲ ಎಂದು ಬರೆದಿದ್ದರೂ ನನಗೆ ಸಾಕಿತ್ತು.' ಕೊನೆಯ ಮಾತು ಬರೆದು, ಒಂದು ಸಾಲು ಬಿಟ್ಟು, ಕೆಳಗೆ ಸಹಿ ಹಾಕಿದ.

"ನಡುವೆ ಖಾಲಿ ಬಿಡಬಾರ್ದು ಸ್ವಾಮಿ," ಎಂದ ಹೆಡ್ಡು. "ಆಮೇಲೆ ಯಾರಾದ್ರೂ ಏನಾದ್ರೂ ಸೇರಿಸ್ತಾರೆ. ಗೀಟು ಹೊಡೀಬೇಕು."

"ಅಭ್ಯಾಸ. ಖಾಲಿ ಸಾಲು ಇದ್ರೇನೇ ಮುಗೀತು ಅಂತ," ಎಂದವನು ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿದ. "ಆ ಬಸ್ ಚಾಲಕರು... ಮಾತಾಡಿದ್ರಾ?"

"ಇಲ್ಲ."

ಅವನು ಹೆಡ್ಡಿನ ಕೈಯಿಂದ ಪೆನ್ನು ತೆಗೆದುಕೊಂಡ. ಖಾಲಿ ಸಾಲಿನ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ತಾನೇ ಗೀಟು ಎಳೆದು, ಹಾಳೆಯನ್ನು ಮೇಜಿನ ಆಚೆಗೆ ಸರಿಸಿದ.