ಮೇಷ್ಟ್ರ ಉಗುರು

ಹಾಡು ಶುರುಮಾಡಿಸಲು ಮೇಷ್ಟ್ರು ಬಲಗೈ ಎತ್ತಿದರು. ಎರಡನೇ ಸಾಲಿನಲ್ಲಿ ನಿಂತಿದ್ದ ಅಂಗಡಿ ಹುಡುಗಿಯ ಬಾಯಿಂದ ಸ್ವರವೇ ಹೊರಡಲಿಲ್ಲ. ಆ ಕೈಯ ಉಗುರುಗಳನ್ನೆಲ್ಲ ಬುಡಮಟ್ಟ ಕತ್ತರಿಸಲಾಗಿತ್ತು.

ಬೇರೆಯವರ ಕಣ್ಣಿಗೆ ಅದು ಶುಚಿಯಾದ ಕೈ, ಅಷ್ಟೇ. ಅವಳಿಗೆ ಮಾತ್ರ ಅದು ಅಷ್ಟೇ ಆಗಿರಲಿಲ್ಲ.

ಮೂರು ವರ್ಷದ ಹಿಂದೆ, ಇನ್ನೂ ಅವಳಿಗೆ ಮೇಷ್ಟ್ರಾಗಿರದ ಅವನು ಅವಳ ಅಪ್ಪನ ಆಟದ ಸಾಮಾನಿನ ಅಂಗಡಿಗೆ ಬಂದು, "ಒಂದು ಟೇಬಲ್ ಟೆನಿಸ್ ಚೆಂಡು ಕೊಡಿ" ಅಂದಿದ್ದ.

"ಒಂದೇನಾ? ಬ್ಯಾಟು?"

"ಬೇಡ. ಉಗುರು ಮುರಿದಿದೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಲೆ ನೆಟ್ಟಗಿರುವ ಗಿರಾಕಿಯ ಹಾಗೇ ಕಾಣುತ್ತಿದ್ದ. ಗಿಟಾರ್ ನುಡಿಸುವವರಿಗೆ ಬಲಗೈ ಉಗುರೇ ಬಂಡವಾಳ, ಮುರಿದರೆ ಚೆಂಡಿನ ಚೂರು ಕತ್ತರಿಸಿ ಅಂಟಿಸಿಕೊಳ್ಳುತ್ತೇವೆ ಎಂದು ಅವನು ವಿವರಿಸಿದ. ಕತ್ತರಿಸಿದ್ದು ಅವಳು, ಅಂಟು ಹಚ್ಚಿದ್ದೂ ಅವಳು. ಒಣಗುವವರೆಗೆ ಬೆರಳು ಹಿಡಿದುಕೊಂಡಿರಬೇಕಿತ್ತು. ಒಣಗಿದ್ದು ಗೊತ್ತಾದ ಮೇಲೂ ಇಬ್ಬರೂ ಗೊತ್ತಾಗದವರಂತೆ ಇದ್ದರು.

ಆಮೇಲೆ ಅವನ ಉಗುರು ಯಾಕೋ ಪದೇ ಪದೇ ಮುರಿಯತೊಡಗಿತು. ಅವಳು ಅವನ ವೃಂದಗಾನದ ತಂಡ ಸೇರಿದಳು.

ಇನ್ನು ಹತ್ತು ದಿನಕ್ಕೆ ವಾರ್ಷಿಕ ಕಾರ್ಯಕ್ರಮ. ಕೊನೆಯ ಹಾಡಿಗೆ ಅವನೇ ಗಿಟಾರ್ ಹಿಡಿದು ಕೂರುವುದು, ಅವಳೊಬ್ಬಳೇ ಹಾಡುವುದು, ಪರದೆ ಬಿದ್ದ ಮೇಲೆ ಅವಳಪ್ಪನ ಹತ್ತಿರ ಮದುವೆಯ ವಿಷಯ ಎತ್ತುವುದು ಅಂತ ಮಾತಾಗಿತ್ತು. ಅಪ್ಪನಿಗೆ ಅವಳು ಹೊಸ ಅಂಗಿಯನ್ನೂ ಹೊಲಿಸಿದ್ದಳು.

"ಒಂದು ಚಿಕ್ಕ ಬದಲಾವಣೆ," ಅಂದ ಅವನು, ಎತ್ತಿದ್ದ ಕೈ ಇಳಿಸಿ, ತಲೆಯೆತ್ತದೆ ಹಾಡಿನ ಪುಟ ತಿರುವುತ್ತಾ. "ಕೊನೆಯ ಹಾಡು ಬೇಡ."

ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಪಿಸುಗುಟ್ಟಿದರು. "ಮೇಷ್ಟ್ರಿಗೆ ಬೇರೆ ಊರಲ್ಲಿ ಕೆಲಸ ಸಿಕ್ತಲ್ಲೇ, ಎಂಬತ್ತು ಜನರ ತಂಡವಂತೆ! ಅಲ್ಲಿ ಪಿಯಾನೊ ನುಡಿಸ್ತಾ ಕಲಿಸ್ಬೇಕಂತೆ, ಉದ್ದ ಉಗುರು ಟಕಟಕ ಅನ್ನುತ್ತಂತೆ. ಪಾರ್ಟಿ ಯಾವಾಗ?" ಆಮೇಲೆ ಅವಳ ಮುಖ ನೋಡಿದರು. "ಅಯ್ಯೋ, ನಿನಗೆ ಹೇಳಿಲ್ವಾ? ನಮಗೆಲ್ಲ ಹೋದ ವಾರವೇ ಗೊತ್ತಲ್ಲ!"

ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಬಂದ. ಅವಳು ಶಟಲ್ ಡಬ್ಬಿಗಳನ್ನು ಜೋಡಿಸುವುದನ್ನು ನಿಲ್ಲಿಸಲಿಲ್ಲ.

"ಏನು ಬೇಕಿತ್ತು ಮೇಷ್ಟ್ರೇ?"

"ಹಾಗೆ ಕರೀಬೇಡ ಕಣೇ. ಹತ್ತು ವರ್ಷ ಇಪ್ಪತ್ತು ಕುರ್ಚಿ ಮುಂದೆ ಗಿಟಾರ್ ನುಡಿಸಿದೀನಿ, ಅದ್ರಲ್ಲಿ ಹನ್ನೆರಡು ಖಾಲಿ. ಇಂಥ ಕೆಲಸ ಇನ್ನೊಂದ್ಸಲ ಸಿಗಲ್ಲ."

"ಸಿಗಲ್ಲ. ಒಳ್ಳೇ ಕೆಲಸ."

"ಮತ್ತೆ ಕೋಪ ಯಾಕೆ?"

"ಡಾಕ್ಟರಮ್ಮನಿಗೆ ನನ್ನ ಹಲ್ಲು ಗೊತ್ತು, ಸರಿ. ನನ್ನ ಹಣೆಬರಹವೂ ಅವರಿಗೇ ಮೊದಲು ಗೊತ್ತಾಗ್ಬೇಕಾ?"

ಅವನು ತಲೆ ತಗ್ಗಿಸಿದ. "ನಿನಗೆ ಹೇಳಿದ್ರೆ ನೀನು ನಗ್ತಾ 'ಹೋಗು' ಅಂದ್ಬಿಡ್ತಿದ್ದೆ. ಅದನ್ನ ಕೇಳೋ ಧೈರ್ಯ ಇರ್ಲಿಲ್ಲ."

"ಹೌದು, ಅಂತಿದ್ದೆ. ಉಗುರನ್ನೂ ನಾನೇ ಕತ್ತರಿಸ್ತಿದ್ದೆ." ಅವಳು ಡಬ್ಬಿಯೊಂದನ್ನು ತಲೆಕೆಳಗಾಗಿ ಇಟ್ಟಳು. "ಅಷ್ಟನ್ನೂ ನನ್ನಿಂದ ಕಿತ್ಕೊಂಡ್ರಲ್ಲ."

"ನನ್ನ ಜೊತೆ ಬಾ. ಈಗಲೇ ಅಪ್ಪನ ಹತ್ರ ಮಾತಾಡ್ತೀನಿ."

ಅವನು ಕೌಂಟರಿನ ಗಾಜಿನ ಮೇಲೆ ಕೈ ಇಟ್ಟ. ಅಭ್ಯಾಸಬಲದಿಂದ ಅವಳ ಬೆರಳು ಆ ಬೆರಳನ್ನು ಮುಟ್ಟಿತು. ಯಾರೋ ಅಪರಿಚಿತನ ಕೈ ಮುಟ್ಟಿದ ಹಾಗಾಯಿತು. ಸರಕ್ಕನೆ ಹಿಂದಕ್ಕೆ ತೆಗೆದುಕೊಂಡಳು.

"ಇಷ್ಟು ದೊಡ್ಡದನ್ನ ಬಚ್ಚಿಟ್ಟವರು ನಾಳೆ ಇನ್ನೊಂದು ಬಚ್ಚಿಡಲ್ಲ ಅಂತ ಹೇಗೆ ನಂಬ್ಲಿ?"

"ಉಗುರು ಮತ್ತೆ ಬೆಳೆಯುತ್ತೆ ಕಣೇ."

"ತಿಂಗಳಿಗೆ ಮೂರು ಮಿಲಿಮೀಟರ್. ನೀವೇ ಹೇಳಿದ್ರಿ. ನಂಬಿಕೆ ಎಷ್ಟು ಬೆಳೆಯುತ್ತೆ ಅಂತ ಹೇಳಿರ್ಲಿಲ್ಲ."

ಅವಳು ಒಂದು ಸಲವಾದರೂ ಕಣ್ಣೆತ್ತುತ್ತಾಳೆಂದು ಅವನು ಕಾದ. ಆಮೇಲೆ ಹೋದ.

ಅವಳು ಡ್ರಾಯರ್ ಎಳೆದಳು. ಮೊದಲ ದಿನದ ಆ ಚೆಂಡು ಅಲ್ಲೇ ಇತ್ತು, ಮೈತುಂಬ ಉಗುರಿನಾಕಾರದ ಹನ್ನೊಂದು ತೂತು. ಎತ್ತಿ ಗಾಜಿನ ಮೇಲೆ ಬಿಟ್ಟಳು. ಅದು ಪುಟಿಯಲಿಲ್ಲ, ಬಿದ್ದಲ್ಲೇ ಕೂತಿತು.

ಒಳಗಿನಿಂದ ಅಪ್ಪ ಬಂದರು. ಅಳತೆ ಸರಿಯಿದೆಯೇ ನೋಡಲೆಂದು ಹೊಸ ಅಂಗಿ ತೊಟ್ಟಿದ್ದರು.

"ಮೇಷ್ಟ್ರ ದನಿ ಕೇಳಿಸ್ತು. ಏನು ತಗೊಂಡ್ರಮ್ಮಾ?"

"ಏನೂ ಇಲ್ಲ ಅಪ್ಪಾ." ಅವಳು ಅವರ ಕಾಲರ್ ಸರಿಮಾಡಿದಳು. "ಅವರಿಗೆ ಇನ್ಮೇಲೆ ಚೆಂಡು ಬೇಡ್ವಂತೆ."