ಮೇಲೇಳದ ಕೈಗಳು

"ಕಣ್ಣು ಬಿಡ್ರೀ!"

ಪಾರ್ಕಿನ ಬೆಳಗಿನ ಮೌನ ಅವಳ ಕೂಗಿಗೆ ಬೆಚ್ಚಿತು. ಹುಲ್ಲಿನ ಮೇಲೆ ನಿಂತಿದ್ದ ಹದಿನೈದು ಜನರಲ್ಲಿ ಒಬ್ಬರೂ ಕಣ್ಣು ತೆರೆಯಲಿಲ್ಲ. ಕಾಣದ ದೊಡ್ಡ ಚಕ್ರವೊಂದನ್ನು ಹಿಡಿದಂತೆ ಎಲ್ಲರ ಕೈಗಳೂ ಹಣೆಯ ಮುಂದೆ ದುಂಡಗೆ ಬಾಗಿದ್ದವು. ಪುಟ್ಟ ಸ್ಪೀಕರಿನಿಂದ ಚೀನಾದ ಕೊಳಲು ಸಣ್ಣಗೆ ಹರಿಯುತ್ತಿತ್ತು.

ಕೊನೆಯ ಸಾಲಿನಲ್ಲಿ ಅವಳ ಗಂಡ. ಬಸ್ ಡ್ರೈವರನ ಯೂನಿಫಾರ್ಮು ಮೈಮೇಲೆ ಜೋಲುತ್ತಿತ್ತು.

ಐದೇ ತಿಂಗಳಿಗೆ ಎಷ್ಟು ಇಳಿದುಹೋಗಿದ್ದಾರೆ...

ಬೇಡ. ಕರಗಬಾರದು! ಮುಷ್ಟಿಯಲ್ಲಿದ್ದ ಮನೆಯ ಬೀಗದಕೈಯನ್ನು ಅವಳು ಬಿಗಿಯಾಗಿ ಹಿಡಿದಳು. ಇದನ್ನು ಕೊಟ್ಟುಬಿಟ್ಟರೆ ಆ ಮನೆಯ ಋಣ ತೀರಿತು.

"ಅವನೀಗ ಕಣ್ಣು ಬಿಡಲ್ಲ ಕಣಮ್ಮ," ಬೆಂಚಿನ ಮೇಲಿದ್ದ ನಿವೃತ್ತ ಟೀಚರಮ್ಮ ಪಿಸುಗುಟ್ಟಿದರು. "ಅರ್ಧ ಗಂಟೆ ಇದೆ. ಬಾ, ಕೂತ್ಕೋ."

"ಗಾಳಿ ತಬ್ಕೊಂಡು ನಿಲ್ಲೋಕೆ ಅರ್ಧ ಗಂಟೆ! ನಾನು ಅಳ್ತಿದ್ದಾಗ ಅರ್ಧ ನಿಮಿಷ ಸಿಗಲಿಲ್ಲ ಇವರಿಗೆ."

ಟೀಚರಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ನಂಗೆ ಈ ಧ್ಯಾನ ಹೇಳ್ಕೊಟ್ಟಿದ್ದು ಚೀನಾದ ಒಬ್ಬ ನರ್ಸು. ನಾನು ಪಕ್ಕದ್ಮನೆ ಕಂಡಕ್ಟರಿಗೆ ಹೇಳ್ಕೊಟ್ಟೆ. ಅವನು ನಿನ್ನ ಗಂಡನ್ನ ಎಳ್ಕೊಂಡು ಬಂದ. ಫೀಸಿಲ್ಲ, ಹಾಜರಿಯಿಲ್ಲ. ನನ್ನ ಮಂಡಿನೋವೂ ಹೋಗಿಲ್ಲ ಬಿಡು!"

"ಮತ್ಯಾಕೆ ಬರ್ತೀರಿ?"

"ಮನೇಲಿ ಒಬ್ಬಳೇ ಕೂತ್ರೆ ನೋಯೋದು ಮಂಡಿ ಒಂದೇನಾ?"

ಅವಳು ಬೀಗದಕೈಯನ್ನು ಪಕ್ಕಕ್ಕಿಟ್ಟು ಬೆಂಚಿನ ತುದಿಗೆ ಕೂತಳು.

ಹನ್ನೊಂದು ದಿನ. ಅವರ ಮಗು ಬದುಕಿದ್ದು ಅಷ್ಟೇ. ಗಂಡ ಅಳಲಿಲ್ಲ. ತೊಟ್ಟಿಲು ಬಿಚ್ಚಿ ಅಟ್ಟಕ್ಕೇರಿಸಿ, ಮರುದಿನವೇ ಡ್ಯೂಟಿಗೆ ಹೋದ. ಆಮೇಲೆ ದಿನಾ ಬೆಳಗ್ಗೆ ಈ ಪಾರ್ಕು. ಎರಡು ತಿಂಗಳಾದ ಮೇಲೆ ಒಂದು ದಿನ ತಲೆ ತಗ್ಗಿಸಿ ಅಂದಿದ್ದ: "ಹೊತ್ತಿರೋದನ್ನ ಕೆಳಗಿಳಿಸಬೇಕಂತೆ ಕಣೆ. ಹಗುರಾಗುತ್ತಂತೆ."

ಮಗುವನ್ನೇ ಇಳಿಸಿಬಿಟ್ಟರಾ? ಇಷ್ಟು ಬೇಗ?

ಅಂದೇ ಅವಳು ತವರಿನ ದಾರಿ ಹಿಡಿದಿದ್ದಳು.

ಸ್ಪೀಕರಿನಲ್ಲಿ ಗಂಟೆಯೊಂದು ಮೊಳಗಿತು. ಎಲ್ಲರ ಕೈಗಳೂ ಹೊಟ್ಟೆಯ ಮುಂದಕ್ಕಿಳಿದವು, ಅವನವೂ. ಮತ್ತೊಂದು ಗಂಟೆ. ಎಲ್ಲರ ಕೈಗಳೂ ತಲೆಯ ಮೇಲಕ್ಕೆ ಏರಿದವು.

ಅವನವು ಏರಲಿಲ್ಲ!

ಎದೆಯವರೆಗೆ ಬಂದು ನಿಂತುಬಿಟ್ಟವು. ಎಡ ಮೊಣಕೈ ಒಳಕ್ಕೆ ಬಾಗಿತು. ಬಲ ಅಂಗೈ ಅದರ ಕೆಳಗೆ ಬಟ್ಟಲಾಯಿತು. ಅವನು ಮೆಲ್ಲಗೆ ತೂಗಾಡುತ್ತಿದ್ದ... ತುಂಬಾ ಮೆಲ್ಲಗೆ.

"ದಿನಾ ಇಲ್ಲೇ ತಪ್ಪೋದು," ಟೀಚರಮ್ಮ ನಿಟ್ಟುಸಿರಿಟ್ಟರು. "ಕೈ ಮೇಲೆತ್ತಪ್ಪಾ ಅಂದ್ರೆ, 'ಎತ್ತಿದ್ರೆ ಬಿದ್ದುಹೋಗುತ್ತೆ ಟೀಚರ್' ಅಂತಾನೆ. ಏನು ಬೀಳುತ್ತೋ, ಬಾಯಿ ಬಿಡಲ್ಲ."

ಏನೆಂದು ಅವಳಿಗೆ ಗೊತ್ತಿತ್ತು.

ಮಗು ನಿದ್ದೆ ಹೋಗುತ್ತಿದ್ದದ್ದು ಅವನ ಎಡತೋಳಿನ ಮೇಲೆ ಮಾತ್ರ.

ಬೀಗದಕೈ ಬೆಂಚಿನ ಮೇಲೇ ಉಳಿಯಿತು. ಹುಲ್ಲು ತುಳಿದು, ಸಾಲು ದಾಟಿ ಅವಳು ಅವನೆದುರು ನಿಂತಳು. ಅವನ ಬಲ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟಳು.

ಅವನು ಕಣ್ಣು ತೆರೆಯಲಿಲ್ಲ. "ಲೇ ಸಿಡುಕಿ, ನೀನು ಕೂಗಿದ್ದು ಕೇಳಿಸ್ತು."

"ಮತ್ಯಾಕೆ ಕಣ್ಣು ಬಿಡಲಿಲ್ಲ?"

"ಬಿಟ್ರೆ ಕೈ ಖಾಲಿ ಕಾಣುತ್ತೆ ಕಣೆ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನಿನ್ನ ಪಾಲೇ ನಿಂಗೆ ಹೊರಲಾರದಷ್ಟಿತ್ತು. ಅದರ ಮೇಲೆ ನಂದನ್ನೂ ಹೇಗೆ ಹಾಕಲಿ?"

ಮುಚ್ಚಿದ ರೆಪ್ಪೆಗಳಡಿಯಿಂದ ನೀರು ಇಳಿಯಿತು. ಏಳು ತಿಂಗಳು ತಡೆದಿಟ್ಟಿದ್ದ ನೀರು.

ಅವಳು ತನ್ನ ಎಡತೋಳು ಬಾಗಿಸಿ, ಅವನ ತೋಳಿಗೆ ತಾಗಿಸಿ ಹಿಡಿದಳು.

"ಇಲ್ಲಿ ಕೊಡ್ರೀ. ನಿಮ್ಮ ತೋಳು ಸೋತಿದೆ. ಸ್ವಲ್ಪ ಹೊತ್ತು ನಾನು ಎತ್ಕೋತೀನಿ."

ಅವನು ಕಣ್ಣು ತೆರೆದ. ಅವಳನ್ನೇ ನೋಡುತ್ತಾ, ಬಹಳ ನಿಧಾನವಾಗಿ ಕೈ ಚಾಚಿ ಕೊಟ್ಟ.

"ಕತ್ತು ಹುಷಾರು ಕಣೆ..."

"ಗೊತ್ತು ಕಣ್ರೀ. ಬನ್ನಿ, ಮನೆಗೆ ಹೋಗೋಣ."